ರಿಪೋರ್ಟಿನಲ್ಲಿ ನಾನು ತರುಣಿ

ಮುಟ್ಟು ನಿಂತ ಹೆಂಗಸಿಗೆ ಸಲಹೆ ಕೊಡಲು ಯಾರಿಗೂ ಯಾವ ಓದೂ ಬೇಕಾಗಿಲ್ಲ. ನನ್ನದು ಪೂರ್ತಿ ನಿಂತು ವರ್ಷ ಕಳೆಯುವಷ್ಟರಲ್ಲಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ವೈದ್ಯರಲ್ಲದವರು ಯಾರೂ ಉಳಿದಿರಲಿಲ್ಲ. ಕೆಳಗಿನ ಮಹಡಿಯವರು ಅಗಸೆ ಬೀಜ ಎಂದರು. ಎದುರುಮನೆಯವರು ಪ್ರಾಣಾಯಾಮ ಎಂದರು. ಸೊಸೈಟಿಯ ಸೆಕ್ರೆಟರಿ, ಮೀಸೆ ಬಿಟ್ಟ ಗಂಡಸು, ಲಿಫ್ಟಿನಲ್ಲಿ ನನ್ನ ಕುತ್ತಿಗೆಯ ಬೆವರು ನೋಡಿ, ಈ ವಯಸ್ಸಿನಲ್ಲಿ ಹೆಂಗಸರು ದೇವರ ಕಡೆ ಮನಸ್ಸು ತಿರುಗಿಸಬೇಕು ಎಂದು ಮರಾಠಿಯಲ್ಲಿ ಉಪದೇಶ ಮಾಡಿದ. ಅವನ ಮನಸ್ಸು ಯಾವ ಕಡೆ ತಿರುಗಿರುತ್ತದೆ ಎಂಬುದು ಸೊಸೈಟಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತು.

ನನಗೆ ಆಗುತ್ತಿದ್ದದ್ದು ಇಷ್ಟು. ಇದ್ದಕ್ಕಿದ್ದಂತೆ ಎದೆಯ ಕೆಳಗಿನಿಂದ ಬಿಸಿ ಏಳುತ್ತಿತ್ತು. ಕುತ್ತಿಗೆ, ಕೆನ್ನೆ, ತಲೆಯವರೆಗೂ ಏರಿ, ಮೈಯೆಲ್ಲ ನೀರಾಗಿ, ಆಮೇಲೆ ಚಳಿ ಹಿಡಿಯುತ್ತಿತ್ತು. ನಿದ್ದೆ ತುಂಡುತುಂಡಾಗಿತ್ತು. ಬೆರಳಿನ ಗಂಟುಗಳು ಬೆಳಗಿನ ಹೊತ್ತು ಮಡಚುತ್ತಿರಲಿಲ್ಲ. ಐರೋಲಿಯ ಆಫೀಸಿನಲ್ಲಿ ಆಸ್ಪತ್ರೆ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಲ್ಲಿ ಮೀಟಿಂಗಿನ ನಡುವೆ ದಿನವೂ ಬಳಸುವ ಮಾತುಗಳೇ ಬಾಯಿಗೆ ಬಾರದೆ ನಿಂತುಬಿಡುತ್ತಿದ್ದೆ. ನನ್ನ ಮಗನಷ್ಟು ವಯಸ್ಸಿನ ಮ್ಯಾನೇಜರ್, "ಆಂಟಿ, ರಿಲ್ಯಾಕ್ಸ್," ಎನ್ನುತ್ತಿದ್ದ. ಅದಕ್ಕೂ ಮೊದಲು ನಾನು ಅವನಿಗೆ ಮ್ಯಾಡಮ್ ಆಗಿದ್ದೆ. ಹಾಸಿಗೆಯಲ್ಲಿ ಗಂಡನನ್ನು ದೂರ ತಳ್ಳುವಷ್ಟು ಉರಿ, ಒಣಕಲು. ಅದನ್ನಂತೂ ಯಾರಿಗೂ ಹೇಳಲಿಲ್ಲ.

ನಮ್ಮವರು ಠಾಣೆ ಪಟ್ಟಣದಲ್ಲಿ ನಮ್ಮ ಕರಾವಳಿಯ ಊರಿನವರದೇ ಹೋಟೆಲೊಂದರ ಮ್ಯಾನೇಜರು. ಜಗತ್ತಿನ ಎಲ್ಲ ಕಾಯಿಲೆಗೂ ಅವರ ಬಳಿ ಒಂದೊಂದು ಕಾರಣ ಸಿದ್ಧವಾಗಿರುತ್ತದೆ. ನನ್ನ ಬಿಸಿಗೆ ಕಾರಣ ಎಂಐಡಿಸಿಯ ಕಾರ್ಖಾನೆಗಳ ಗಾಳಿ ಎಂದು ಅವರು ತೀರ್ಮಾನಿಸಿದರು.

"ಕೆಮಿಕಲ್ ವಾಸನೆ ಬರುವಾಗ ಕಿಟಕಿ ಹಾಕು ಅಂದ್ರೆ ನೀನು ಕೇಳುದಿಲ್ಲ. ಮತ್ತೆ ಮೈ ಬಿಸಿ ಆಗದೆ ಎಂತ ಆಗ್ತದೆ?"

"ಹಾಗಾದ್ರೆ ನಿಮಗೆ ಯಾಕೆ ಆಗುದಿಲ್ಲ?"

"ನನ್ನದು ಗಟ್ಟಿ ಮೈ," ಎಂದು ಅವರು ಪೇಪರಿನ ಹಿಂದೆ ಮುಖ ಮರೆಸಿದರು. ಕಿಟಕಿ ಹಾಕಿದರೆ ನಾನು ಬೇಯುತ್ತಿದ್ದೆ. ತೆರೆದರೆ ಅವರು ಕೆಮ್ಮುತ್ತಿದ್ದರು. ಹೀಗೆ ಒಂದು ಬೇಸಿಗೆ ಪೂರ್ತಿ ನಮ್ಮ ದಾಂಪತ್ಯ ಒಂದು ಕಿಟಕಿಯ ಸುತ್ತ ನಡೆಯಿತು.

ಹತ್ತಿರದ ಡಾಕ್ಟರು ನಾಡಿಯನ್ನೂ ಹಿಡಿಯದೆ, "ಇದೆಲ್ಲ ನಾರ್ಮಲ್," ಎಂದರು. ಅವರು ಬರೆದುಕೊಟ್ಟ ಕ್ಯಾಲ್ಸಿಯಂ ಗುಳಿಗೆ ನುಂಗಿ ನಾನು ಮೊದಲಿನಂತೆಯೇ ಬೆವರಿದೆ.

ಆಗ ರಂಗಕ್ಕೆ ಬಂದವಳು ನನ್ನ ನಾದಿನಿ, ನಮ್ಮವರ ತಂಗಿ. ಖಾರಘರದಲ್ಲಿ ಗುಡ್ಡದ ಕೆಳಗಿನ ಎತ್ತರದ ಟವರಿನಲ್ಲಿ ಅವಳ ಮನೆ. ಹೊಸದಾಗಿ ಏನು ಬಂದರೂ ಮೊದಲು ನಂಬುವವಳು ಅವಳು. ಅದು ಬಿದ್ದುಹೋದಾಗ ಕೊನೆಗೆ ತಿಳಿಯುವವಳೂ ಅವಳೇ. ಅವಳ ಟವರಿನ ಹತ್ತಿರ ಹೆಂಗಸರ ಹಾರ್ಮೋನು ಸರಿದೂಗಿಸುವ ಒಂದು ಸೆಂಟರು ತೆರೆದಿತ್ತು.

"ಅತ್ತಿಗೆ, ನೀವು ಒಮ್ಮೆ ಬನ್ನಿ. ಅಲ್ಲಿಯ ಮ್ಯಾಡಮ್ ನಮ್ಮ ಕನ್ನಡದವರೇ, ಬೆಂಗಳೂರಿನವರು. ಎಲ್ಲ ನ್ಯಾಚುರಲ್, ಗೊತ್ತುಂಟಾ? ಸೈಡ್ ಎಫೆಕ್ಟ್ ಇಲ್ವೇ ಇಲ್ಲ."

ಆ ಮ್ಯಾಡಮ್ ಬಿಳಿ ಕೋಟು ಹಾಕಿಕೊಂಡಿದ್ದಳು, ಆದರೆ ತಾನು ಡಾಕ್ಟರ್ ಎಂದು ಹೇಳಿಕೊಳ್ಳಲಿಲ್ಲ. 'ಕೋಚ್' ಎಂದಳು. ಕ್ರಿಕೆಟ್ಟಿಗೆ ಕೋಚ್ ಇರುತ್ತಾರೆಂದು ಗೊತ್ತಿತ್ತು. ಬೆವರುವುದಕ್ಕೂ ಇರುತ್ತಾರೆಂದು ಅವತ್ತು ತಿಳಿಯಿತು. ಗೋಡೆಯ ಮೇಲೆ ನಗುವ ಹೆಂಗಸರ ದೊಡ್ಡ ಫೋಟೋಗಳು. ಯಾರೂ ನನ್ನ ವಯಸ್ಸಿನವರಲ್ಲ. ಅವರಲ್ಲಿ ಯಾರಿಗಾದರೂ ಮುಟ್ಟು ನಿಂತಿದ್ದರೆ ಅದು ಬಸುರಿಯಾದಾಗ ಮಾತ್ರ.

ರಕ್ತ ಕೊಟ್ಟೆ. ರಿಪೋರ್ಟ್ ಬಂತು. ಈಸ್ಟ್ರೋಜೆನ್ ನೆಲ ಕಚ್ಚಿತ್ತು. ಎಫ್‌ಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನು ಬಹಳ ಮೇಲೆ ಏರಿತ್ತು. ಮುಟ್ಟು ನಿಂತ ಎಲ್ಲ ಹೆಂಗಸರಿಗೂ ಹಾಗೆಯೇ ಇರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಕೋಚಮ್ಮನಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಗೊತ್ತಿದ್ದರೆ ಮೋಸ, ಗೊತ್ತಿಲ್ಲದಿದ್ದರೆ ಇನ್ನೂ ಕೆಟ್ಟದ್ದು.

"ನೋಡಿ ಮ್ಯಾಮ್, ನಿಮ್ ಬಾಡಿ ಫುಲ್ ಬ್ಯಾಲೆನ್ಸ್ ತಪ್ಪಿದೆ," ಎಂದು ಅವಳು ಕೆಂಪು ಅಕ್ಷರಗಳ ಮೇಲೆ ಉಗುರಿಟ್ಟಳು. "ಡಾಕ್ಟರ್ಸ್ ಹತ್ರ ಹೋದ್ರೆ ಹಾರ್ಮೋನ್ ಕೊಡ್ತಾರೆ. ಅದು ಪಾಯ್ಸನ್. ಕ್ಯಾನ್ಸರ್ ಬರತ್ತೆ. ನಾವು ನಿಮ್ ಬಾಡಿನೇ ಹಾರ್ಮೋನ್ ಮಾಡೋ ಥರ ಮಾಡ್ತೀವಿ."

ನಿಂತ ಅಂಡಾಶಯಕ್ಕೆ ಅವಳು ಯಾವ ಮಂತ್ರ ಹಾಕುತ್ತಾಳೋ ಎಂದು ಕೇಳಬೇಕೆನಿಸಿತು. ನಾದಿನಿ ಪಕ್ಕದಲ್ಲಿ ದೇವಸ್ಥಾನದಲ್ಲಿ ಕೂತಂತೆ ಕೂತಿದ್ದಳು, ದುಡ್ಡು ಕಟ್ಟಿದೆ. ಬೀಜಗಳ ಪುಡಿ ಕೊಟ್ಟರು, ಅದು ಒದ್ದೆ ಗೋಣಿಯ ಹಾಗೆ ನಾರುತ್ತಿತ್ತು. ಕೂದಲಿಗೂ ಚರ್ಮಕ್ಕೂ ಒಳ್ಳೆಯದೆಂದು ಗುಲಾಬಿ ಬಣ್ಣದ ದೊಡ್ಡ ಕ್ಯಾಪ್ಸೂಲು ಕೊಟ್ಟರು. ಕೂದಲು ಉದುರುತ್ತಿದ್ದದ್ದು ನಿಜವಾದ್ದರಿಂದ ಅದನ್ನು ತಪ್ಪದೆ ನುಂಗಿದೆ.

ಕೆಲವು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಈ ಸಲದ ರಿಪೋರ್ಟ್ ನೋಡಿ ಕೋಚ್ ಕುರ್ಚಿಯಿಂದ ಎದ್ದೇ ನಿಂತಳು. ಈಸ್ಟ್ರೋಜೆನ್ ಜಿಗಿದು ಮೇಲೆ ಹೋಗಿತ್ತು. ಎಫ್‌ಎಸ್‌ಎಚ್ ಇಳಿದು ಕೆಳಗೆ ಬಂದಿತ್ತು.

"ಮ್ಯಾಮ್! ಇದು ಟ್ವೆಂಟಿಫೈವ್ ವಯಸ್ಸಿನ ಹುಡುಗಿ ರಿಪೋರ್ಟು!"

ಸೆಂಟರಿನ ಹುಡುಗಿಯರೆಲ್ಲ ಬಂದು ಚಪ್ಪಾಳೆ ತಟ್ಟಿದರು. ನಾದಿನಿ ನನ್ನನ್ನು ರಿಪೋರ್ಟಿನ ಜೊತೆ ನಿಲ್ಲಿಸಿ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಊರಿನಲ್ಲಿರುವ ಮಾವನವರ ತಮ್ಮನಿಂದ ಹಿಡಿದು ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ನನ್ನ ಗರ್ಭಕೋಶದ ಕಡೆಗೆ ಅಷ್ಟು ಕೈಗಳು ಮುಗಿದದ್ದು ಅದೇ ಮೊದಲು. ಆ ಫೋಟೋದಲ್ಲಿ ನನ್ನ ರವಿಕೆಯ ತೋಳು ಒದ್ದೆಯಾಗಿ ಕಪ್ಪಾಗಿದೆ. ಚಪ್ಪಾಳೆಯ ನಡುವೆಯೇ ಬಿಸಿ ಏರಿತ್ತು. ಯಾರೂ ಅದನ್ನು ನೋಡಲಿಲ್ಲ.

ಮನೆಗೆ ಬಂದರೆ ನಮ್ಮವರು ಹೋಟೆಲಿನಿಂದ ಮೈಸೂರುಪಾಕು ತಂದಿದ್ದರು. ಜೊತೆಗೆ ಮುಖದ ಮೇಲೆ ಒಂದು ಚಿಂತೆಯೂ ಇತ್ತು. ಸ್ವಲ್ಪ ಹೊತ್ತು ಅತ್ತಿತ್ತ ಸುಳಿದು, ಕೊನೆಗೆ ಕೇಳಿದರು:

"ಅಲ್ಲ, ಇಪ್ಪತ್ತೈದರ ಹುಡುಗಿಯ ಹಾಗೆ ಅಂದ್ರೆ... ಇನ್ನು ನಾವು ಸ್ವಲ್ಪ ಜಾಗ್ರತೆ ಮಾಡ್ಬೇಕಾ ಹೇಗೆ?"

ನಾನು ಅವರನ್ನು ನೋಡಿದೆ. ತಿಂಗಳುಗಳಿಂದ ಮಂಚದ ಆ ಕೊನೆಗೆ ಈ ಕೊನೆಗೆ ಮಲಗುವ ಇಬ್ಬರು ಯಾವುದಕ್ಕೆ ಜಾಗ್ರತೆ ಮಾಡುವುದು? ಮೈಸೂರುಪಾಕು ಬಾಯಿಗೆ ಹಾಕಿಕೊಂಡು ಒಳಗೆ ಹೋದೆ.

ಆ ರಿಪೋರ್ಟು ಬಂದ ಮೇಲೆ ನನ್ನ ಕಷ್ಟ ಇನ್ನೂ ಹೆಚ್ಚಿತು. ಮೊದಲು ನನಗೆ ಕಾಯಿಲೆಯಾದರೂ ಇತ್ತು. ಈಗ ಅದನ್ನೂ ಕಸಿದುಕೊಂಡರು. ನಿದ್ದೆಯಿಲ್ಲ ಎಂದರೆ, "ರಿಪೋರ್ಟ್ ಒಳ್ಳೇದು ಉಂಟಲ್ಲ," ಎಂದು ನಮ್ಮವರು. ಮೈ ಉರಿಯುತ್ತದೆ ಎಂದರೆ, "ಅದು ನಿಮ್ಮ ಮನಸ್ಸಿನದ್ದು ಅತ್ತಿಗೆ, ಪಾಸಿಟಿವ್ ಆಗಿರಿ," ಎಂದು ನಾದಿನಿ. ಕಾಗದ ಹೇಳಿದ್ದು ಸತ್ಯ, ಮೈ ಹೇಳಿದ್ದು ನಾಟಕ. ಒಂದು ಬೆಳಿಗ್ಗೆ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ದಿನಾ ನನ್ನ ಜೊತೆ ಲೇಡೀಸ್ ಡಬ್ಬಿಯಲ್ಲಿ ಬರುವ ಕಲ್ಯಾಣದ ಗೆಳತಿಯೊಬ್ಬಳು ನೀರು ಕುಡಿಸಿದಳು. ನನ್ನ ಕಥೆ ಕೇಳಿ ಅವಳು ಸಲಹೆ ಕೊಡಲಿಲ್ಲ. ತಾನು ಹೋಗುವ ಡಾಕ್ಟರ ವಿಳಾಸ ಕೊಟ್ಟಳು. ಅಷ್ಟೂ ದಿನಗಳಲ್ಲಿ ಬುದ್ಧಿ ಇದ್ದವರು ಮಾಡಿದ ಮೊದಲ ಕೆಲಸ ಅದು.

ಕಲ್ಯಾಣದ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಆ ಡಾಕ್ಟರಮ್ಮನ ಕ್ಲಿನಿಕ್ಕು. ವಿಜಯಪುರದ ಕಡೆಯವರು. ನನಗಿಂತ ಹಿರಿಯರು, ದಪ್ಪ ಕನ್ನಡಕ, ಮುಖದಲ್ಲಿ ನಗು ಕಡಿಮೆ. ನಾನು ಹೋದವಳೇ ಫೈಲು ಮುಂದೆ ಇಟ್ಟೆ. ಅವರು ಅದನ್ನು ತೆರೆಯದೆ ಪಕ್ಕಕ್ಕೆ ಸರಿಸಿದರು.

"ಇದನ್ನ ಆಮ್ಯಾಲ ನೋಡೂಣು. ಮೊದ್ಲ ನೀವ್ ಹೇಳ್ರಿ, ಏನಾಗಾಕತ್ತೈತಿ?"

ನಾನು ಹೇಳಿದೆ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಣಕಲಿನ ವಿಷಯವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿಸಿಕೊಳ್ಳುವವರು ಸಿಕ್ಕಿದರೆ ಅಳು ಬರುತ್ತದೆಂದು ಗೊತ್ತಿರಲಿಲ್ಲ, ಅತ್ತುಬಿಟ್ಟೆ. ಆಮೇಲೆ ಅವರು ಫೈಲು ತೆರೆದು ಎರಡನೆಯ ರಿಪೋರ್ಟನ್ನು ಕನ್ನಡಕದ ಮೇಲಿನಿಂದ ನೋಡಿದರು, ನನ್ನನ್ನು ನೋಡಿದರು.

"ಈ ರಿಪೋರ್ಟಿನ್ಯಾಕಿ ಬ್ಯಾರೆ, ಇಲ್ಲಿ ಕುಂತಾಕಿ ಬ್ಯಾರೆ. ಹಾರ್ಮೋನಿನ ಗುಳಿಗಿ ಏನರ ತಗೊಂಡೀರೇನು?"

"ಇಲ್ಲ ಡಾಕ್ಟ್ರೇ. ಬರೀ ಬೀಜದ ಪುಡಿ. ಮತ್ತೆ ಕೂದಲಿಗೆ ಈ ಕ್ಯಾಪ್ಸೂಲು."

ಚೀಲದಲ್ಲಿದ್ದ ಡಬ್ಬಿ ತೆಗೆದುಕೊಟ್ಟೆ. ಅವರು ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಮೇಜಿನ ಮೇಲೆ ಕುಕ್ಕಿದರು.

"ಬಯೋಟಿನ್. ಅದೂ ಇಷ್ಟೊಂದು! ಕೇಳ್ರಿಲ್ಲೆ. ಕೆಲವು ಲ್ಯಾಬಿನ ಮಷೀನು ಹಾರ್ಮೋನು ಅಳೆಯೂದಕ್ಕ ಬಯೋಟಿನ್ನನ್ನ ಬಳಸ್ತಾವ. ನಿಮ್ಮ ರಕ್ತದಾಗ ಅದು ಮೊದಲ ತುಂಬಿದ್ರ ಮಷೀನಿಗೆ ಗೊಂದಲ ಆಗತೈತಿ. ಈಸ್ಟ್ರೋಜೆನ್ ಇದ್ದದ್ದಕ್ಕಿಂತ ಹೆಚ್ಚು ತೋರಸತೈತಿ, ಎಫ್‌ಎಸ್‌ಎಚ್ ಕಮ್ಮಿ ತೋರಸತೈತಿ. ನಿಮ್ಮ ಮೈಯಾಗ ಏನೂ ಬದಲಾಗಿಲ್ರಿ."

ಅಂದರೆ ಕೂದಲಿಗೆಂದು ಅವರೇ ಕೊಟ್ಟ ಕ್ಯಾಪ್ಸೂಲು ಅವರದೇ ಪರೀಕ್ಷೆಯನ್ನು ಕೆಡಿಸಿ, ಅವರ ಬೀಜದ ಪುಡಿಗೆ ಕೀರ್ತಿ ತಂದುಕೊಟ್ಟಿತ್ತು. ಅದಕ್ಕೇ ಆ ಚಪ್ಪಾಳೆ.

ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಅಂಡಾಶಯಗಳು ಕೆಲಸ ನಿಲ್ಲಿಸಿದಾಗ ಈಸ್ಟ್ರೋಜೆನ್ ಇಳಿಯುತ್ತದೆ. ಮೆದುಳಿನ ಬುಡದ ಗ್ರಂಥಿ ಅವುಗಳನ್ನು ಎಬ್ಬಿಸಲು ಎಫ್‌ಎಸ್‌ಎಚ್ ಹೆಚ್ಚು ಹೆಚ್ಚು ಬಿಡುತ್ತದೆ. ಅದಕ್ಕೇ ಒಂದು ಕೆಳಗೆ, ಇನ್ನೊಂದು ಮೇಲೆ. ಇದು ತಪ್ಪಿದ ಸಮತೋಲವಲ್ಲ, ಆ ವಯಸ್ಸಿನ ಸ್ಥಿತಿ. ಹೊರಗಿನಿಂದ ಈಸ್ಟ್ರೋಜೆನ್ ಕೊಟ್ಟರೆ ರಕ್ತದಲ್ಲಿ ಅದು ಏರುತ್ತದೆ, ಎಫ್‌ಎಸ್‌ಎಚ್ ಸ್ವಲ್ಪ ಇಳಿಯುತ್ತದೆ, ಆದರೆ ಹರೆಯದ ಮಟ್ಟಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಗುಳಿಗೆಯಾಗಿ ನುಂಗಿದರೆ ಮೊದಲು ಪಿತ್ತಜನಕಾಂಗದ ಮೂಲಕ ಹಾದು ರೂಪ ಬದಲಿಸುತ್ತದೆ. ಚರ್ಮಕ್ಕೆ ಜೆಲ್ ಹಚ್ಚಿದರೆ ನೇರವಾಗಿ ರಕ್ತಕ್ಕೆ ಸೇರುತ್ತದೆ, ಆದರೆ ಒಬ್ಬೊಬ್ಬರ ಚರ್ಮ ಒಂದೊಂದು ಥರ ಹೀರಿಕೊಳ್ಳುತ್ತದೆ.

"ಅದಕ್ಕ ನಾ ನಂಬರ್ ನೋಡಿ ಔಷಧ ಕೊಡಂಗಿಲ್ಲ. ನಿದ್ದಿ ಹತ್ತಿತೇನು, ಉರಿ ಕಡಿಮಿ ಆತೇನು, ಅದನ್ನ ಕೇಳ್ತೀನಿ. ಖರೇ ಅಂದ್ರ ನಿಮ್ಮ ವಯಸ್ಸಿಗೆ ಈ ಟೆಸ್ಟ್ ಬೇಕಾಗೇ ಇಲ್ಲ. ಆದ್ರ ಆ ಕ್ಯಾಪ್ಸೂಲ್ ಬಂದ್ ಮಾಡಿ, ಮುಂದಿನ ವಾರ ಅದ ಲ್ಯಾಬಿನ್ಯಾಗ ಒಮ್ಮಿ ಮಾಡಸ್ರಿ."

"ಬೇಕಾಗಿಲ್ಲ ಅಂದ್ಮೇಲೆ ಯಾಕೆ ಡಾಕ್ಟ್ರೇ?"

"ನಿಮ್ಮ ಮನಿಯವ್ರ ಸಲುವಾಗಿ. ಅವ್ರು ನಿಮ್ಮನ್ನ ನಂಬಂಗಿಲ್ಲ, ಕಾಗದ ನಂಬ್ತಾರ."

ಪರೀಕ್ಷೆ ಮಾಡಿಸಿದೆ. ಈಸ್ಟ್ರೋಜೆನ್ ಮತ್ತೆ ತಳಕ್ಕೆ, ಎಫ್‌ಎಸ್‌ಎಚ್ ಮತ್ತೆ ಮೇಲಕ್ಕೆ. ನಮ್ಮವರು ಕನ್ನಡಕ ಒರೆಸಿಕೊಂಡು ನೋಡಿ, "ಅಯ್ಯೋ, ಪೂರ್ತಿ ಇಳಿದು ಹೋಯ್ತಲ್ಲ! ಆ ಕ್ಯಾಪ್ಸೂಲ್ ನಿಲ್ಲಿಸಿದ್ದಕ್ಕೇ ಇದು. ಮತ್ತೆ ಶುರು ಮಾಡು," ಎಂದರು. ನಾನು ಬಯೋಟಿನ್ನಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ತಲೆಯಾಡಿಸಿದರು. ಹೋಟೆಲಿನಲ್ಲಿ ಗಿರಾಕಿ ಸಾಂಬಾರಿಗೆ ಉಪ್ಪಿಲ್ಲ ಎಂದಾಗ ಆಡಿಸುವ ತಲೆ ಅದು. ಅರ್ಥವಾಯಿತು ಎಂದಲ್ಲ, ಮಾತು ಮುಗಿಯಲಿ ಎಂದು.

ಡಾಕ್ಟರಮ್ಮ ಔಷಧಿ ಶುರು ಮಾಡುವ ಮುಂಚೆ ಒಂದು ರಾಶಿ ಪ್ರಶ್ನೆ ಕೇಳಿದರು. ತಾಯಿಗೆ, ಚಿಕ್ಕಮ್ಮಂದಿರಿಗೆ ಸ್ತನದ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ, ಬಿಪಿ ಎಷ್ಟು. ಮ್ಯಾಮೊಗ್ರಫಿ ಮಾಡಿಸಿದರು. ಅಪಾಯ ಇಲ್ಲವೇ ಎಂದು ನಾನು ಕೇಳಿದಾಗ, "ಏನೂ ಇಲ್ಲ ಅಂತ ನಾ ಹೇಳಂಗಿಲ್ರಿ. ಸ್ವಲ್ಪ ಇರತೈತಿ. ನಿಮ್ಮ ವಯಸ್ಸಿಗೆ, ನಿಮ್ಮ ತ್ರಾಸಿಗೆ, ಉಪಯೋಗ ಹೆಚ್ಚು ಅಂತ ನನಗ ಅನಸತೈತಿ. ಒಲ್ಲೆ ಅಂದ್ರ ಬ್ಯಾರೆ ದಾರಿನೂ ಅದಾವ," ಎಂದರು. ಗ್ಯಾರಂಟಿ ಕೊಡದೆ ಮಾತಾಡಿದವರು ಅವರೊಬ್ಬರೇ. ಅದಕ್ಕೇ ನಂಬಿದೆ.

ತೊಡೆಗೆ ಹಚ್ಚಿಕೊಳ್ಳುವ ಜೆಲ್ಲು, ಗರ್ಭಕೋಶದ ಒಳಪದರ ಬೆಳೆಯದಂತೆ ಮಲಗುವಾಗ ಒಂದು ಪ್ರೊಜೆಸ್ಟರಾನ್ ಕ್ಯಾಪ್ಸೂಲು. ಮೊದಲ ವಾರಗಳಲ್ಲಿ ಎದೆ ನೋಯಿತು. ಒಂದೆರಡು ಸಲ ಒಳಉಡುಪಿನಲ್ಲಿ ರಕ್ತದ ಕಲೆ ಕಂಡು ಹೆದರಿ ಕಲ್ಯಾಣಕ್ಕೆ ಓಡಿದೆ. ಅವರು ಸ್ಕ್ಯಾನ್ ಮಾಡಿ ನೋಡಿ, ಜೆಲ್ಲು ಸ್ವಲ್ಪ ಕಡಿಮೆ ಮಾಡಿದರು. ಆಮೇಲೆ ಒಂದು ದಿನ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ತೆರೆಯುವಾಗ, ಬೆಳಗಿನಿಂದ ಒಮ್ಮೆಯೂ ಬಿಸಿ ಏರಿಲ್ಲ ಎಂಬುದು ಹೊಳೆಯಿತು. ಮಲಗಿದರೆ ಬೆಳಗಾಗುತ್ತಿತ್ತು. ಮೀಟಿಂಗಿನಲ್ಲಿ ಮಾತುಗಳು ಕರೆದಾಗ ಬಂದವು. ಮ್ಯಾನೇಜರ್ ಹುಡುಗ ನನ್ನನ್ನು ಮತ್ತೆ ಆಂಟಿ ಎಂದಾಗ, ಆಫೀಸಿನಲ್ಲಿ ಹೆಸರು ಹಿಡಿದು ಕರೆ ಎಂದು ಎಲ್ಲರೆದುರೇ ಹೇಳಿದೆ.

ನನ್ನ ಕುತೂಹಲಕ್ಕೆ ಒಮ್ಮೆ ಈಸ್ಟ್ರೋಜೆನ್ ನೋಡಿಸಿದೆ. ತಳವೂ ಅಲ್ಲ, ಹರೆಯವೂ ಅಲ್ಲ, ನಡುವೆ ಎಲ್ಲೋ ಇತ್ತು. ಎಫ್‌ಎಸ್‌ಎಚ್ ಇಳಿದಿತ್ತು, ಆದರೂ ಎತ್ತರದಲ್ಲೇ ಇತ್ತು. "ಸಾಕಲ್ಲೇನ್ರಿ?" ಎಂದರು ಡಾಕ್ಟರಮ್ಮ. ಸಾಕಾಗಿತ್ತು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮಹಿಳಾ ದಿನ ಬಂತು. ನಾದಿನಿಯ ಫೋನು: "ಅತ್ತಿಗೆ, ನಮ್ಮ ಕ್ಲಬ್‌ಹೌಸಿನಲ್ಲಿ ಸೆಂಟರಿನವರ ಫಂಕ್ಷನ್ ಉಂಟು. ನೀವು ಬರ್ಲೇಬೇಕು. ನಿಮ್ಮ ಫೋಟೋ ಹಾಕಿದ್ದಾರೆ, ಇಷ್ಟು ದೊಡ್ಡದು!"

ಹೋದೆ. ನಿಜವಾಗಿ ಹಾಕಿದ್ದರು. ಚಪ್ಪಾಳೆಯ ದಿನದ ಅದೇ ಫೋಟೋ, ನನ್ನನ್ನು ಒಂದು ಮಾತೂ ಕೇಳದೆ, ಬಾಗಿಲಿನಷ್ಟು ಎತ್ತರಕ್ಕೆ. ಕೆಳಗೆ ನನ್ನ ಹಾರ್ಮೋನುಗಳ ಅಂಕಿಗಳು, ಮೊದಲು ಎಷ್ಟು, ಆಮೇಲೆ ಎಷ್ಟು. ಕೆನ್ನೆಯ ಬೆವರನ್ನು ಕಂಪ್ಯೂಟರಿನಲ್ಲಿ ಒರೆಸಿ ನುಣುಪು ಮಾಡಿದ್ದರು. ಗುಲಾಬಿ ಸೀರೆಯ ಹೆಂಗಸರು ಸಾಲಾಗಿ ಕೂತಿದ್ದರು. ಕೋಚ್ ಮೈಕು ಹಿಡಿದು ಹಿಂದಿಯಲ್ಲಿ, "ನಮ್ ಸಕ್ಸೆಸ್ ಸ್ಟೋರಿ ಇಲ್ಲೇ ಇದಾರೆ!" ಎಂದು ನನ್ನನ್ನು ವೇದಿಕೆಗೆ ಕರೆದಳು.

ಮೈಕು ಕೈಗೆ ಬಂದ ಮೇಲೆ ನಾನು ಹಿಂದಿಯಲ್ಲಿಯೇ ಹೇಳಿದೆ, ಎಲ್ಲರಿಗೂ ತಿಳಿಯಲಿ ಎಂದು. ಈ ಅಂಕಿ ಸುಳ್ಳು. ಇವರು ಕೊಟ್ಟ ಕೂದಲಿನ ಕ್ಯಾಪ್ಸೂಲು ಪರೀಕ್ಷೆಯನ್ನು ಕೆಡಿಸಿತು. ಅದನ್ನು ನಿಲ್ಲಿಸಿ ಮತ್ತೆ ನೋಡಿದಾಗ ಹಾರ್ಮೋನು ಇದ್ದಲ್ಲೇ ಇತ್ತು. ಈ ಫೋಟೋ ತೆಗೆಯುವಾಗಲೂ ನಾನು ಬೆವರುತ್ತಿದ್ದೆ. ನನಗೆ ವಾಸಿಯಾದದ್ದು ಇವರು ವಿಷ ಎಂದ ಔಷಧಿಯಿಂದ, ಡಾಕ್ಟರ್ ಪರೀಕ್ಷಿಸಿ ಕೊಟ್ಟದ್ದರಿಂದ. ಅದು ಎಲ್ಲರಿಗೂ ಆಗುತ್ತದೆಂದು ನಾನು ಹೇಳುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ.

ಕೋಚ್ ಮೈಕು ಕಿತ್ತುಕೊಂಡು, ನಗುನಗುತ್ತಲೇ ಅದೇ ಹಿಂದಿಯಲ್ಲಿ ಹೇಳಿದಳು: "ನೋಡಿ, ಹಾರ್ಮೋನ್ ತಗೊಂಡ್ರೆ ಮೂಡ್ ಹೇಗಾಗತ್ತೆ ಅಂತ."

ಎಲ್ಲರೂ ನಕ್ಕರು. ಚಪ್ಪಾಳೆ ತಟ್ಟಿದರು ಕೂಡ. ಸತ್ಯ ಹೇಳಿದ ಕೂಡಲೇ ಜನ ಎಚ್ಚೆತ್ತು ಎದ್ದು ನಿಲ್ಲುತ್ತಾರೆಂದು ನಾನೂ ಒಂದು ಗಳಿಗೆ ನಂಬಿದ್ದೆನಲ್ಲ! ಸಮೋಸ ಬಂತು; ಸತ್ಯ ಅಲ್ಲಿಗೆ ಮುಗಿಯಿತು. ನನ್ನ ಫೋಟೋ ಮಾತ್ರ ಇಳಿಸಲೇಬೇಕೆಂದು ಹಟ ಹಿಡಿದೆ. ಇಳಿಸದಿದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದಾಗ ಇಬ್ಬರು ಬಂದು ಸುತ್ತಿಟ್ಟರು. ಗೇಟಿನ ಹತ್ತಿರ ಒಬ್ಬಾಕೆ ಓಡಿ ಬಂದು, ಡಾಕ್ಟರ ವಿಳಾಸವನ್ನು ಅಕ್ಕಪಕ್ಕ ನೋಡುತ್ತ, ಕದ್ದ ಮಾಲು ಕೇಳುವವಳಂತೆ ಕೇಳಿದಳು. ಕೊಟ್ಟೆ.

ನಾದಿನಿ ಮಳೆಗಾಲದವರೆಗೂ ಮಾತು ಬಿಟ್ಟಳು. ಅವಳ ಮಾನವನ್ನು ನಾನು ಕ್ಲಬ್‌ಹೌಸಿನಲ್ಲಿ ಹರಾಜು ಹಾಕಿದೆನಂತೆ. ನಮ್ಮವರು ಇಬ್ಬರ ನಡುವೆ ಶಾಂತಿದೂತರಾಗಿ ಓಡಾಡಿ, ಎರಡೂ ಕಡೆಯ ಮಾತನ್ನು ತಪ್ಪಾಗಿ ತಲುಪಿಸಿ, ಜಗಳವನ್ನು ಇನ್ನಷ್ಟು ಗಟ್ಟಿ ಮಾಡಿದರು. ಕೊನೆಗೆ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು. ಊಟ ಆಯ್ತಾ, ಮಳೆ ಹೇಗುಂಟು ಎಂದೆಲ್ಲ ಸುತ್ತಿ ಬಳಸಿ ಬಂದಳು.

"ಅತ್ತಿಗೆ, ನನಗೆ ಎರಡು ತಿಂಗಳಿಂದ ಆಗ್ಲಿಲ್ಲ. ರಾತ್ರಿ ಎದೆ ಡವಡವ ಅಂತದೆ. ಪುಡಿ ತಿಂದು ತಿಂದು ಸಾಕಾಯ್ತು. ನಿಮ್ಮ ಡಾಕ್ಟ್ರು... ಒಮ್ಮೆ ಕರ್ಕೊಂಡು ಹೋಗ್ತೀರಾ? ಅಣ್ಣನಿಗೆ ಹೇಳ್ಬೇಡಿ."

ಹೇಳಬೇಕೆಂದಿದ್ದ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ತಿಂಗಳುಗಟ್ಟಲೆ ಅವುಗಳನ್ನು ಮಸೆದು ಇಟ್ಟಿದ್ದೆ. ಆದರೆ ಅವಳ ದನಿಯಲ್ಲಿ ನಿದ್ದೆಗೆಟ್ಟ ಹೆಂಗಸಿನ ಸೋಲು ಇತ್ತು. ಅದನ್ನು ನಾನು ಬಲ್ಲೆ.

"ಶನಿವಾರ ಬಾ," ಎಂದೆ. "ಕಲ್ಯಾಣ ಸ್ಟೇಷನ್ನಿನಲ್ಲಿ ಕಾಯ್ತೇನೆ. ಆದ್ರೆ ಒಳಗೆ ಹೋದ ಮೇಲೆ ನಿನ್ನ ಕಷ್ಟ ನೀನೇ ಹೇಳ್ಬೇಕು. ನಾನು ಹೊರಗೆ ಕೂತಿರ್ತೇನೆ."

ಅವಳು ಬಂದಳು. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮೂಗು ಕೆಂಪಾಗಿತ್ತು. ಇಬ್ಬರೂ ಎದುರಿನ ಅಂಗಡಿಯಲ್ಲಿ ನಿಂತು ಚಹಾ ಕುಡಿದೆವು. ಅವಳು ಯಾವ ಸಲಹೆಯನ್ನೂ ಕೊಡಲಿಲ್ಲ, ನಾನೂ ಕೊಡಲಿಲ್ಲ.